ಹಳೆಯ ಹೆಡರು, ತಪ್ಪಿದ ಅಥಣಿ ಬಸ್ಸು

ನಿಪ್ಪಾಣಿಯಲ್ಲಿ ಅಚ್ಚಾಗುವ ನಮ್ಮ ಸಂಜೆ ಪತ್ರಿಕೆಯ ಅಥಣಿ, ಕಾಗವಾಡಕ್ಕೆ ಕಳಿಸುವ ಪ್ರತಿಗಳ ಗಂಟು ಬಸ್ಸಿನಲ್ಲಿ ಹೋಗುತ್ತದೆ. ಮೊದಲ ಸೀಟಿನ ಕೆಳಗೆ ಇಡುವುದು ರೂಢಿ. ಅಥಣಿ ಸ್ಟ್ಯಾಂಡಿನಲ್ಲಿ ಏಜೆಂಟರು ಬಸ್ ಹತ್ತಿ, ಯಾರನ್ನೂ ಕೇಳದೆ ಎಳೆದುಕೊಳ್ಳುತ್ತಾರೆ. ಆ ಬಸ್ಸು ತಪ್ಪಿದರೆ ಆ ದಿನದ ಪತ್ರಿಕೆ ಅಲ್ಲಿಗಿಲ್ಲ.

ಅಂದು ಮಧ್ಯಾಹ್ನ ಪುಟಗಳು ಸಿದ್ಧವಿದ್ದವು. ಅಚ್ಚಿನ ಪ್ಲೇಟ್ ಮಾಡುವ ಯಂತ್ರ ಮಾತ್ರ ಕಂಪ್ಯೂಟರಿಗೆ ಕಾಣುತ್ತಿರಲಿಲ್ಲ. ಹಿಂದಿನ ದಿನದ ಅಪ್‌ಡೇಟ್‌ನಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೊಸ ಆವೃತ್ತಿ ಬಂದಿತ್ತು. ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ತಂತ್ರಾಂಶವಾದ ಡ್ರೈವರನ್ನು ಅದಕ್ಕೆ ತಕ್ಕಂತೆ ಮತ್ತೆ ಕಟ್ಟಬೇಕು. ಕಟ್ಟಲು ಆ ಕರ್ನಲ್‌ನ ಅಳತೆಗಳಿರುವ ಹೆಡರ್ ಕಡತಗಳು ಬೇಕು. ಪುಟ ವಿನ್ಯಾಸ ಮಾಡುವ ರಾಯಬಾಗದ ಸಹೋದ್ಯೋಗಿ ಎರಡು ಸಲ ಕಟ್ಟಿದರು. ಎರಡೂ ಸಲ ಕೆಲಸ ತಪ್ಪಿಲ್ಲದೆ ಮುಗಿಯಿತು, ಎರಡೂ ಸಲ ಕರ್ನಲ್ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

“ಹೊಸಾ ಹೆಡರ್ ಹಾಕೀರಿಲ್ಲ?” ಎಂದೆ.

“ಹಾಕೀನ್ರಿ ಸರ. ಪ್ಯಾಕೇಜ್ ತನ್ನ ಜಾಗದಾಗ ಛಲೋ ಇಟ್ಟೈತಿ. ಈ ಡ್ರೈವರ್ ಅಲ್ಲಿ ನೋಡವಲ್ದು. /usr/src/linux ಒಳಗ ಯಾರೋ ಹೋದ ವರ್ಷದ ಹೆಡರ್ ತಂದು ಇಟ್ಟಾರ, ಅದನ್ನ ನೋಡತೈತಿ. ಹಳೇ ಅಳತಿಗೆ ಜಂಪರ್ ಹೊಲದೀವಿ, ಈಗ ತೋಳ ಏರವಲ್ದು.”

ಯಂತ್ರ ಮಾರಿದವನಿಗೆ ಫೋನ್ ಮಾಡಿ, ಅದನ್ನು ಅಲ್ಲಿ ಇಟ್ಟವರು ಯಾರೆಂದು ಕೇಳಿದೆ.

“ನಾನ ಇಟ್ಟೇನ್ರಿ ಸಾಹೇಬ್ರ. ಕೈಗೆ ಸಿಗೂ ಜಾಗ ನೋಡಿ ಇಟ್ಟೇನಿ. ಇಲ್ಲೀತನಕ ನಡದೈತೆಲ್ರಿ?”

“ಯಾರ ಕೈಗೆ?” ಎಂದೆ. ಊಟಕ್ಕೆ ಕುಳಿತಿದ್ದೇನೆಂದು ಹೇಳಿ ಅವನು ಫೋನ್ ಇಟ್ಟ.

ಪ್ರತಿ ಕರ್ನಲ್‌ನ ಹೆಡರನ್ನು, ಅಪ್‌ಡೇಟಿನೊಂದಿಗೆ ಅದನ್ನು ತರುವ ಪ್ಯಾಕೇಜು ಆಯಾ ಆವೃತ್ತಿಯ ಹೆಸರಿನ ಫೋಲ್ಡರಿನಲ್ಲಿಯೇ ಇಡಬೇಕು. ಅದು ಎಲ್ಲಿದೆ ಎಂದು ತೋರಿಸುವ ಕೊಂಡಿಯನ್ನು /lib/modules ಒಳಗೆ ಬಿಡಬೇಕು. ಡ್ರೈವರು ಆ ಕೊಂಡಿ ಹಿಡಿದು ಹೋದರೆ ಸಾಕು. ನಮ್ಮ ಪ್ಯಾಕೇಜು ಇಷ್ಟನ್ನೂ ಮಾಡಿತ್ತು. ನಡುವೆ ಮನುಷ್ಯನೊಬ್ಬ ಅನುಕೂಲ ಮಾಡಿಕೊಟ್ಟು ಹೋಗಿದ್ದ.

ಸಹೋದ್ಯೋಗಿ ಆ ಹಳೆಯ ಪ್ರತಿಯನ್ನು ಅಳಿಸಿ, ಡ್ರೈವರಿಗೆ ಕೊಂಡಿಯ ದಾರಿ ಬರೆದು, ಮೂರನೇ ಸಲ ಕಟ್ಟಿದರು. ಯಂತ್ರ ಕಂಡಿತು. ಪ್ಲೇಟ್ ಹೊರಬರುವಾಗ ಅಥಣಿ ಬಸ್ಸು ಆಗಲೇ ಹೊರಟು ಚಿಕ್ಕೋಡಿ ದಾಟಿತ್ತು.

“ಅಂವಾ ಸರ್ವೀಸಿಗೆ ಬಂದಾಗ ಮತ್ತ ಅಲ್ಲೇ ಇಟ್ಟ ಹೋಗತಾನ ನೋಡ್ರಿ,” ಎಂದರು ಸಹೋದ್ಯೋಗಿ.

ಸಂಜೆ ಅಥಣಿ ಏಜೆಂಟರ ಫೋನ್ ಬಂತು. ಹಿಂದೆ ಬಸ್ಸಿನ ಸದ್ದು.

“ಸರ, ಸೀಟಿನ ಬುಡಕ ಕೈ ಹಾಕೀನಿ, ಗಂಟ ಇಲ್ಲಲ್ರಿ. ಜಾಗಾ ಏನರ ಬದಲ ಮಾಡೀರೇನು?”

“ಇಲ್ರಿ,” ಎಂದೆ. “ಜಾಗ ಅದೇ. ಇವತ್ತು ಪೇಪರ್ ಬಸ್ಸು ಹತ್ತಿಲ್ಲ.”