ಐದನೆಯ ಮಡಿಕೆ

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇರುವುದು ಎರಡೇ ಸಾಮಾನು. ಒಂದು, ಅಪ್ಪ ತಾಡಪಾಲು ಹೊಲಿಯುತ್ತಿದ್ದ ದೊಡ್ಡ ಮಷಿನ್. ಇನ್ನೊಂದು, ನಾನು. ಅಪ್ಪ ದಾವಣಗೆರೆಯ ಮಂಡಿಗೆ ಬರುವ ಲಾರಿಗಳಿಗೆ ತಾಡಪಾಲು ಹೊಲಿದುಕೊಟ್ಟೇ ನಮ್ಮನ್ನು ಸಾಕಿದವನು. ಅವನು ಹೋದ ಮೇಲೆ ಅಪ್ಪನ ಅಂಗಡಿಯನ್ನು ತಮ್ಮ ಇಟ್ಟುಕೊಂಡ, ನಾನು ಮಷಿನ್ ಇಟ್ಟುಕೊಂಡೆ. ತಮ್ಮ ಈಗ ರೆಡಿಮೇಡ್ ಪ್ಲಾಸ್ಟಿಕ್ ತಾಡಪಾಲು ಮಾರುತ್ತಾನೆ, ಅದರಲ್ಲಿ ಹೊಲಿಯುವುದಕ್ಕೆ ಏನೂ ಇರುವುದಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರು ಮೊದಲೆಲ್ಲ ಬೇಕಾದಷ್ಟು ಜನ ಇದ್ದರು. ಅವರು ಕೇಳುತ್ತಿದ್ದಾಗ ಸಿಟ್ಟು ಬರುತ್ತಿತ್ತು, ಕೇಳುವುದನ್ನು ಬಿಟ್ಟ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು. ಅವ್ವ ಇರುವ ತನಕ ಜಗಳಕ್ಕಾದರೂ ಒಬ್ಬರು ಮನೆಯಲ್ಲಿದ್ದರು. ಈಗ ಬೆಳಿಗ್ಗೆ ಎದ್ದು ಹಾಲಿನವನಿಗೆ ಎರಡು ಮಾತು ಅಂದರೆ, ಮುಂದಿನ ಮಾತು ಮರುದಿನ ಹಾಲಿನವನಿಗೇ.

ನಮ್ಮ ಓಣಿಯಲ್ಲಿ ಹರಿಹರದ ಒಂದು ವರ್ಕ್‌ಶಾಪಿನ ಸೂಪರ್‌ವೈಸರ್ ಇದ್ದಾನೆ. ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ. ಒಂದು ಸಂಜೆ ಆತ ಕಪ್ಪಗೆ ಎಣ್ಣೆ ಮೆತ್ತಿದ ಒಂದು ಗಂಟನ್ನು ತಂದು ನನ್ನ ಹೊಸ್ತಿಲ ಮೇಲೆ ಇಟ್ಟ.

"ಅಕ್ಕಾರೆ, ಇದು ಕಬ್ಬಿಣ ಕೊರೆಯೋ ಸಿಎನ್‌ಸಿ ಮಷಿನ್ನಿನ ಕವರ್. ಹಾರ್ಮೋನಿಯಂ ತಿದಿ ಇದ್ದಂಗೆ ಐತಿ ನೋಡ್ರಿ. ಹರಿದೈತೆ. ನಿಮ್ಮ ಮಷಿನ್ನಾಗೆ ಹೊಲಿಯಾಕೆ ಆಗುತ್ತಾ?"

ಆಗುವುದಿಲ್ಲ ಎಂದು ನಾನು ಯಾವುದಕ್ಕೂ ಹೇಳುವವಳಲ್ಲ. ಆತನೇ ವಿವರಿಸಿದ. ಆ ಮಷಿನ್ನಿನಲ್ಲಿ ಕಬ್ಬಿಣದ ಒಂದು ಮೇಜು ಹಳಿಗಳ ಮೇಲೆ ಅತ್ತಿತ್ತ ಓಡಾಡುತ್ತದಂತೆ. ಮೇಲೆ ಕೊರೆಯುವಾಗ ಬಿಸಿ ಬಿಸಿ ಚೂರುಗಳು ಸಿಡಿಯುತ್ತವೆ, ತಂಪು ಮಾಡಲು ಬಿಡುವ ಹಾಲಿನಂಥ ನೀರು ಸುರಿಯುತ್ತದೆ. ಅವು ಹಳಿಗಳ ಮೇಲೆ ಬಿದ್ದರೆ ಮಷಿನ್ ಕೆಟ್ಟಂತೆ. ಅದಕ್ಕೇ ಮಡಿಕೆ ಮಡಿಕೆಯಾದ ಈ ಬಟ್ಟೆಯ ಕವರ್. ಮೇಜು ಓಡಿದಂತೆ ಬಿಚ್ಚಿಕೊಳ್ಳುತ್ತದೆ, ತಿರುಗಿ ಬಂದಂತೆ ಮುಚ್ಚಿಕೊಳ್ಳುತ್ತದೆ.

ಅಂದಿನಿಂದ ಅದೇ ನನ್ನ ಕೆಲಸವಾಯಿತು. ಕವರ್ ಬಂದ ತಕ್ಷಣ ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಮಡಿಕೆ ನೋಡುತ್ತೇನೆ. ಚೂರು ಬಿದ್ದು ಸುಟ್ಟ ತೂತುಗಳು ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತವೆ. ಒಳಗಿನ ತೆಳು ಪ್ಲಾಸ್ಟಿಕ್ ಹಾಳೆ ಮುರಿದಿದ್ದರೆ ತೆಗೆದು ಬೇರೆ ಹಾಕುತ್ತೇನೆ. ಮೂಲೆಯಲ್ಲಿ ಎರಡು ಸಲ ತಿರುಗಿಸಿ ಹೊಲಿಯುತ್ತೇನೆ, ಅದು ಅಪ್ಪ ಕಲಿಸಿದ್ದು. ಆ ಮಷಿನ್ನುಗಳನ್ನು ಮಾತ್ರ ನಾನು ಕಂಡಿರಲಿಲ್ಲ.

ಹಾಗಿರುವಾಗ ಒಂದು ಕವರ್ ಪದೇ ಪದೇ ಬರತೊಡಗಿತು. ಎರಡನೆಯ ಸಲ ಬಂದಾಗ ಅದರ ಐದನೆಯ ಮಡಿಕೆಯ ಮೇಲೆ ಯಾರೋ ಕೈಯಿಂದ ಹೊಲಿದಿದ್ದರು. ಮೇಣ ಹಚ್ಚಿದ ದಪ್ಪ ಕಪ್ಪು ದಾರ. ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟೇ, ಒಂದೇ ಸಮ, ಗಂಟು ಕಾಣದಂತೆ ಒಳಗೆ ಸೇರಿಸಿದ್ದು. ಹರಿದಿದ್ದದ್ದು ಅದಲ್ಲ, ಪಕ್ಕದ ಆರನೆಯ ಮಡಿಕೆ. ನಾನು ಬಹಳ ಹೊತ್ತು ಆ ಹೊಲಿಗೆಯ ಮೇಲೆ ಬೆರಳಾಡಿಸಿದೆ. ಹರಿದದ್ದನ್ನು ನನ್ನ ತಲೆಗೆ ಕಟ್ಟಿ ಸುಮ್ಮನಿರಬಹುದಾಗಿದ್ದ ಜಾಗದಲ್ಲಿ ಒಬ್ಬರು ಕೂತು, ಇಷ್ಟು ಮನಸ್ಸಿಟ್ಟು ಹೊಲಿದಿದ್ದಾರೆ. ಇದು ಹೆಂಗಸಿನ ಕೈಯೇ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಅವಳಿಗೆ ಒಂದು ಮುಖವನ್ನೂ ಕೊಟ್ಟೆ. ನನಗಿಂತ ಚಿಕ್ಕವಳು, ಮಾತು ಕಡಿಮೆ, ಕೂದಲು ಬಿಗಿಯಾಗಿ ಕಟ್ಟಿಕೊಂಡವಳು.

ಆ ಸಲ ಹೊಲಿಗೆ ಬಿಚ್ಚಿ ತೇಪೆ ಹಾಕಿ ಕಳಿಸಿದೆ. ಮತ್ತೆ ಬಂತು, ಮತ್ತೆ ಅದೇ ಜಾಗದಲ್ಲಿ ಅದೇ ಹೊಲಿಗೆ. ಈ ಸಲ ಬಿಚ್ಚಲು ಮನಸ್ಸು ಬರಲಿಲ್ಲ. ಅದನ್ನು ಹಾಗೇ ಬಿಟ್ಟು ಪಕ್ಕದ ಹರಕನ್ನಷ್ಟೇ ಸರಿಮಾಡಿದೆ. ಅದಕ್ಕೆ ಉತ್ತರವೋ ಎಂಬಂತೆ ಮುಂದಿನ ಸಲ ಅದರ ಪಕ್ಕದಲ್ಲೇ ಇನ್ನೊಂದು ಸಾಲು ಹೊಲಿಗೆ ಬಂದಿತ್ತು. ನಗಬೇಡಿ. ಸಂಜೆ ಬೈಕಿನ ಸದ್ದು ಕೇಳಿದರೆ ನಾನು ಬಾಗಿಲಿಗೆ ಬರುವಂತಾಗಿದ್ದೆ. ಯಾರ ಫೋನಿಗೂ ಕಾಯದವಳು ಎಣ್ಣೆ ಮೆತ್ತಿದ ಒಂದು ಬಟ್ಟೆಗೆ ಕಾಯುತ್ತಿದ್ದೆ.

ಆದರೆ ಹರಕು ನಿಲ್ಲಲಿಲ್ಲ. ಒಂದು ಸಂಜೆ ಸೂಪರ್‌ವೈಸರ್ ಗಂಟು ಇಳಿಸಿ ಹೋಗದೆ ಅಲ್ಲೇ ನಿಂತ.

"ಅಕ್ಕಾರೆ, ಬ್ಯಾಸ್ರ ಮಾಡ್ಕಾಬ್ಯಾಡ್ರಿ. ಇನ್ನೊಂದ್ಸಲ ಹರಿದ್ರೆ ಎಲ್ಲಾ ಮಷಿನ್ನಿಗೂ ಕವರ್ ಬೆಂಗ್ಳೂರಿಂದಾನೇ ತರಿಸ್ತೀವಿ ಅಂತಿದಾರೆ ಮಾಲೀಕ್ರು. ಹೊಲಿಗೆ ಸರಿ ಇಲ್ಲ ಅಂತಾರೆ."

ನನ್ನ ಹೊಲಿಗೆ ಸರಿ ಇಲ್ಲ! ಮೈ ಉರಿದುಹೋಯಿತು. ಆ ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಈ ಕೆಲಸ ಹೋದರೆ ಮಷಿನ್ನಿಗೆ ಬಟ್ಟೆ ಹೊದಿಸಿ ಗೋಡೆ ನೋಡುತ್ತಾ ಕೂರಬೇಕು.

"ನಾಳೆ ನಾನೇ ಬರ್ತೀನಿ. ಮಷಿನ್ ಓಡಿಸಿ ತೋರಿಸ್ರಿ" ಎಂದೆ.

ರಾತ್ರಿಯೇ ಹರಕು ಸರಿಮಾಡಿ, ಮರುದಿನ ಕವರನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಬಾತಿ ಕೆರೆ ದಾಟುವಾಗ ಸೆರಗು ಸರಿಮಾಡಿಕೊಂಡೆ, ಇನ್ನೊಂದು ಸಲ ಕೂದಲು ಸವರಿಕೊಂಡೆ. ಹೋಗುತ್ತಿದ್ದದ್ದು ರಿಪೇರಿಗೆ, ಮನಸ್ಸು ಮಾತ್ರ ನೆಂಟರ ಮನೆಗೆ ಹೊರಟಂತಿತ್ತು.

ವರ್ಕ್‌ಶಾಪಿನಲ್ಲಿ ಎಷ್ಟು ಹುಡುಕಿದರೂ ಒಬ್ಬ ಹೆಂಗಸೂ ಕಾಣಲಿಲ್ಲ. ಆ ಕವರಿನ ಮಷಿನ್ ನಡೆಸುವವರು ಗಡ್ಡ ನರೆತ ಒಬ್ಬ ಸಾಹೇಬರು. ಕನ್ನಡಕದ ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿತ್ತು. ಆ ದಾರ ನೋಡಿದ ಕೂಡಲೇ ಹೊಲಿದವರು ಇವರೇ ಎಂದು ನನಗೆ ಗೊತ್ತಾಯಿತು. ಅವರು ನನ್ನ ಚೀಲದಿಂದ ಇಣುಕುತ್ತಿದ್ದ ಕವರ್ ನೋಡಿದರು.

"ಮೂಲ್ಯಾಗೆ ಎರಡು ಸಲ ತಿರುಗಿಸಿ ಹೊಲಿಯೋರು ನೀವಾ?" ಎಂದರು. "ಯಾರೋ ವಯಸ್ಸಾದ ಟೈಲರ್ ಇರಬೇಕು ಅಂದ್ಕಂಡಿದ್ದೆ."

"ನಾನೂ ನಿಮ್ಮನ್ನ ಹೆಣ್ಮಗಳು ಅಂದ್ಕಂಡಿದ್ದೆ ಸಾಹೇಬ್ರೆ" ಎಂದೆ. ಇಬ್ಬರೂ ನಕ್ಕೆವು. ನಾನು ನಕ್ಕು ಎಷ್ಟು ದಿನವಾಗಿತ್ತೋ, ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವರು ಮಲೆಬೆನ್ನೂರಿನವರು. ಮನೆತನದ ಕಸುಬು ಗಾದಿ ಹೊಲಿಯುವುದು.

"ಈಗ ಫೋಮ್ ಬೆಡ್ ಬಂದಾವೆ, ಗಾದಿ ಯಾರು ಹೊಲಿಸ್ತಾರ್ರಿ? ಕೈ ಸುಮ್ಕೆ ಇರಲ್ಲ. ಸಣ್ಣ ತೂತು ಬಿದ್ದಾಗ್ಲೇ ಹೊಲಿದ್ರೆ ನಿಮಗೆ ಅಷ್ಟು ಕೆಲ್ಸ ಕಡಿಮೆ ಆಗ್ತೈತಿ ಅಂತ, ಚಾ ಕುಡಿಯೋ ಹೊತ್ನಾಗೆ ಹೊಲಿತಿದ್ದೆ."

ಕವರ್ ಕೂರಿಸಿ ಮೇಜನ್ನು ನಿಧಾನವಾಗಿ ಓಡಿಸಿದರು. ಬಿಚ್ಚಿಕೊಳ್ಳುವಾಗ ಎಲ್ಲ ಸರಿಯಿತ್ತು. ಮೇಜು ತಿರುಗಿ ಬಂದು ಮಡಿಕೆಗಳೆಲ್ಲ ಒಂದಕ್ಕೊಂದು ಅಂಟಿ ಕೂತವು, ಐದನೆಯದು ಮಾತ್ರ ಕೂರಲಿಲ್ಲ. ಅಲ್ಲೊಂದು ಬೆರಳು ತೂರುವಷ್ಟು ಸಂದಿ. ಆ ದಪ್ಪ ದಾರದ ಹೊಲಿಗೆ ದಿಂಡಿನ ಹಾಗೆ ಎದ್ದು ನಿಂತು ಪಕ್ಕದ ಮಡಿಕೆಯನ್ನು ಉಜ್ಜುತ್ತಿತ್ತು. ಮೇಜು ಪ್ರತಿ ಸಲ ಹೋಗಿ ಬಂದಾಗಲೂ ಉಜ್ಜುತ್ತಿತ್ತು. ಗಾದಿಗೆ ಹಾಕುವ ಹೊಲಿಗೆ ಅದು. ಗಾದಿ ಮಡಚಿ ಬಿಚ್ಚಿ ಓಡಾಡುವುದಿಲ್ಲವಲ್ಲ.

ಬಟ್ಟೆಯದೇ ತಪ್ಪು ಎಂದರೆ ಕೆಲಸ ಬೆಂಗಳೂರಿಗೆ ಹೋಗುತ್ತದೆ. ಸಾಹೇಬರ ಹೊಲಿಗೆಯದು ಎಂದರೆ ಆ ಹೊಲಿಗೆ ಇನ್ನು ನನ್ನ ಮನೆಗೆ ಬರುವುದಿಲ್ಲ. ಅಷ್ಟರಲ್ಲಿ ಪಕ್ಕದಲ್ಲೇ ನಿಂತಿದ್ದ ಸೂಪರ್‌ವೈಸರಿಗೆ ಫೋನ್ ಬಂದು ಆತ ಹೊರಗೆ ಹೋದ.

"ಸಾಹೇಬ್ರೆ, ಇಲ್ಲಿ ಕೈ ಇಟ್ಟು ನೋಡ್ರಿ" ಎಂದೆ.

ಮಷಿನ್ ಆಫ್ ಮಾಡಿ ಅವರು ಸಂದಿಯಲ್ಲಿ ಬೆರಳಿಟ್ಟರು. ತೆಗೆಯಲಿಲ್ಲ.

"ಹಂಗಾರೆ ಇಷ್ಟು ದಿನ ಹರೀತಿದ್ದದ್ದು ನನ್ನಿಂದಾನಾ?"

"ಬಿಚ್ಚದೆ ಹಂಗೇ ಕಳಿಸಿದ್ದು ನಾನು."

"ಯಾಕ ಬಿಚ್ಚಲಿಲ್ಲ?"

"ಚೆಂದ ಇತ್ತು" ಎಂದೆ.

ಕವರ್ ಕಳಚಿದೆವು. ಅವರು ಬಟ್ಟೆ ಹಿಡಿದರು, ನಾನು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ. ಆಮೇಲೆ ಚೀಲದಿಂದ ತೆಳ್ಳನೆಯ ರಬ್ಬರ್ ತೇಪೆ, ಸೊಲ್ಯೂಷನ್ ತೆಗೆದು ತೋರಿಸಿಕೊಟ್ಟೆ. ಸೈಕಲ್ ಟ್ಯೂಬಿನ ಪಂಕ್ಚರ್ ಹಾಕಿದ ಹಾಗೇ. ಜಾಗ ಒರೆಸಿ ಒಣಗಿಸಬೇಕು, ಉಪ್ಪು ಕಾಗದದಿಂದ ತಿಕ್ಕಬೇಕು, ಸೊಲ್ಯೂಷನ್ ತೆಳ್ಳಗೆ ಸವರಿ ಆರಲು ಬಿಡಬೇಕು, ಆಮೇಲೆ ತೇಪೆ ಇಟ್ಟು ಒತ್ತಬೇಕು. ಒತ್ತಿದ ಮೇಲೆ ಬೆರಳಾಡಿಸಿದರೆ ಏನೂ ಸಿಗಬಾರದು.

"ಇನ್ಮೇಲೆ ಹೊಲಿಯೋದು ಬ್ಯಾಡ ಹಂಗಾರೆ" ಎಂದರು.

"ಬ್ಯಾಡ್ರಿ."

ಕವರ್ ಮತ್ತೆ ಕೂರಿಸಿದಾಗ ಮಡಿಕೆಗಳೆಲ್ಲ ಸಾಲಾಗಿ ಮುಚ್ಚಿಕೊಂಡವು. ಸಂದಿ ಇರಲಿಲ್ಲ. ಸೂಪರ್‌ವೈಸರ್ ಬಂದು, "ಏನಾಗಿತ್ರಿ ಅಕ್ಕಾರೆ?" ಎಂದ. "ಒಂದು ಮಡಿಕೆ ಸರಿಯಾಗಿ ಕೂರ್ತಿರಲಿಲ್ಲ. ಸರಿ ಮಾಡೀವಿ" ಎಂದೆ. ಸಾಹೇಬರು ತಲೆ ತಗ್ಗಿಸಿ ಕನ್ನಡಕ ಒರೆಸುತ್ತಿದ್ದರು. ಉಳಿದ ತೇಪೆಗಳನ್ನೂ ಸೊಲ್ಯೂಷನ್ನನ್ನೂ ಅವರ ಕೈಗೇ ಕೊಟ್ಟು ಬಂದೆ.

ಬಸ್ಸು ಬಾತಿಗೆ ಬರುವ ಹೊತ್ತಿಗೆ ನಾನು ಏನು ಮಾಡಿ ಬಂದೆ ಎಂಬುದು ತಲೆಗೆ ಹತ್ತಿತು. ಆ ಕವರ್ ನನ್ನ ಬಾಗಿಲಿಗೆ ಬರುವುದೇ ಬೇಡದಂತೆ ನಾನೇ ಕಲಿಸಿಕೊಟ್ಟಿದ್ದೆ. ಅಳು ಬಂತು. ಪಕ್ಕದಲ್ಲಿ ಕೂತವರು ಏನಾತ್ರಿ ಎಂದು ಕೇಳಿದರು, ಕಣ್ಣಿಗೆ ಧೂಳು ಬಿತ್ತು ಎಂದೆ.

ಕೆಲಸ ಉಳಿಯಿತು. ಬೆಂಗಳೂರಿನ ಮಾತು ನಿಂತುಹೋಯಿತು, ಬೇರೆ ಮಷಿನ್ನುಗಳ ಕವರ್ ಕೂಡ ನನಗೇ ಬಂದವು. ಓಣಿಯವರ ಎದುರಿಗೆ ಸೂಪರ್‌ವೈಸರ್ ನನ್ನನ್ನು ಹೊಗಳುತ್ತಾನೆ. ಆ ಮಷಿನ್ನಿಂದ ಮಾತ್ರ ಏನೂ ಬರಲಿಲ್ಲ. ಸಾಹೇಬರು ಹೇಗಿದ್ದಾರೆ ಎಂದು ಒಂದು ಸಲ ಕೇಳಿದೆ. "ಆರಾಮ ಅದಾರ್ರಿ" ಎಂದು ಬೈಕಿಗೆ ಕಿಕ್ ಹೊಡೆದ.

ದೀಪಾವಳಿಗೆ ವರ್ಕ್‌ಶಾಪ್ ಮುಚ್ಚಿದಾಗ ಎಲ್ಲ ಕವರ್‌ಗಳೂ ತೊಳೆಯಲು ಬಂದವು, ಅದೂ ಬಂತು. ಬೇರೆಯವನ್ನೆಲ್ಲ ಪಕ್ಕಕ್ಕೆ ಸರಿಸಿ ಅದನ್ನೇ ಮೊದಲು ತೊಳೆದೆ. ಕಿಟಕಿಗೆ ಹಿಡಿದು ಎಣಿಸುತ್ತಾ ಐದನೆಯ ಮಡಿಕೆಗೆ ಬಂದೆ. ನಾನು ಹಾಕಿದ ತೇಪೆಯ ಪಕ್ಕದಲ್ಲಿ ಹೊಸದೊಂದು ತೇಪೆ ಇತ್ತು. ಅಂಚು ಎದ್ದಿರಲಿಲ್ಲ, ಕಲಿಸಿದ್ದಕ್ಕಿಂತ ಚೆನ್ನಾಗಿಯೇ ಹಾಕಿದ್ದರು. ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸಿದೆ, ಇನ್ನೊಂದು ಸಲ ಆಡಿಸಿದೆ. ಏನೂ ಸಿಗಲಿಲ್ಲ.