ಆರು ಹೆಸರುಗಳಲ್ಲಿ ಒಂದು

2022ರಲ್ಲಿ ನಾನು ಸಿಂಗಾಪುರದ ಒಂದು ಸುದ್ದಿಸಂಸ್ಥೆಯಲ್ಲಿ ಪ್ರಾದೇಶಿಕ ಸುದ್ದಿ ಸಂಪಾದಕನಾಗಿದ್ದೆ. ಆಗ್ನೇಯ ಏಷ್ಯಾದ ವರದಿಗಳೆಲ್ಲ ನನ್ನ ಮೇಜನ್ನು ದಾಟಿಯೇ ಹೋಗಬೇಕಿತ್ತು. ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡು ವರ್ಷ ಕಳೆದಿತ್ತು. ಸೇನೆ ತೊರೆದು ಗಡಿ ದಾಟಿದ ಅಧಿಕಾರಿಗಳ ಸಂದರ್ಶನಗಳನ್ನು ನಾವು ಆಗಾಗ ಪ್ರಕಟಿಸುತ್ತಿದ್ದೆವು. ತೊರೆಯದೆ, ಒಳಗೇ ಇದ್ದುಕೊಂಡು ಪ್ರತಿರೋಧಕ್ಕೆ ನೆರವಾಗುವವರೂ ಇದ್ದರು. ಅವರನ್ನು ಆ ದೇಶದ ಜನ ‘ಕಲ್ಲಂಗಡಿ’ ಎನ್ನುತ್ತಾರೆ: ಹೊರಗೆ ಸಮವಸ್ತ್ರದ ಹಸಿರು, ಒಳಗೆ ಪ್ರಜಾಪ್ರಭುತ್ವವಾದಿಗಳ ಕೆಂಪು. ಅವರ ಬಗ್ಗೆ ಬರೆಯುವುದು ಕಷ್ಟ. ಗುರುತು ಹೇಳಿದರೆ ಅವರು ಉಳಿಯುವುದಿಲ್ಲ, ಹೇಳದಿದ್ದರೆ ಓದುಗರು ನಂಬುವುದಿಲ್ಲ. ಅಂಥ ಒಬ್ಬ ಅಧಿಕಾರಿಯ ಪ್ರಕರಣವಿದು. ಹೆಸರುಗಳನ್ನೂ ಗುರುತು ಕೊಡುವ ಕೆಲವು ವಿವರಗಳನ್ನೂ ಬದಲಿಸಿದ್ದೇನೆ, ಆ ದೇಶದ ಊರುಗಳ ಹೆಸರು ಬಿಟ್ಟಿದ್ದೇನೆ.

ನಮ್ಮ ವರದಿಗಾರ್ತಿ ಸ್ಮಿತಾಳ ಅಪ್ಪ ಅಮ್ಮ ಹುಬ್ಬಳ್ಳಿಯವರು. ಅವಳು ಹುಟ್ಟಿ ಬೆಳೆದದ್ದು ಸಿಂಗಾಪುರದ ಆಂಗ್ ಮೋ ಕಿಯೋ ಬಡಾವಣೆಯಲ್ಲಿ. ಆಫೀಸಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಳು, ಲಿಫ್ಟ್ ಇಳಿದ ಮೇಲೆ ನಾನು ಅಂಕಲ್. ಒಂದು ಫಿರಂಗಿ ನೆಲೆಯಿಂದ ಸುತ್ತಲಿನ ಹಳ್ಳಿಗಳ ಮೇಲೆ ನಡೆದ ಶೆಲ್ ದಾಳಿಯ ಬಗ್ಗೆ ಅವಳು ತಿಂಗಳುಗಟ್ಟಲೆ ಕೆಲಸ ಮಾಡಿದ್ದಳು. ಸತ್ತವರ ಮನೆಯವರು ಪ್ರಾಣಭಯದಲ್ಲೇ ಅವಳೊಂದಿಗೆ ಮಾತಾಡಿದ್ದರು. ಆ ನೆಲೆಯಲ್ಲಿದ್ದ ಆರೂ ಅಧಿಕಾರಿಗಳ ಹೆಸರು, ದರ್ಜೆ ಖಚಿತವಾಗಿತ್ತು. ಆ ಹೆಸರುಗಳೇ ವರದಿಯ ತಿರುಳು.

ಆರೋಪವಿರುವ ವರದಿಯಲ್ಲಿ ಯಾರ ಹೆಸರು ಬಂದರೂ ಪ್ರಕಟಣೆಗೆ ಮೊದಲು ಮುಖ್ಯ ಅಂಶಗಳನ್ನು ಅವರಿಗೆ ತಿಳಿಸಿ ಪ್ರತಿಕ್ರಿಯೆ ಕೇಳಬೇಕು. ಇದು ನಮ್ಮ ವೃತ್ತಿಯ ನಿಯಮ. ಸೇನಾಧಿಕಾರಿಗಳು ನೇರವಾಗಿ ಸಿಗುವವರಲ್ಲ. ಸ್ಮಿತಾ ಹೊರದೇಶದಲ್ಲಿದ್ದ ಅವರ ಸಂಬಂಧಿಕರನ್ನು ಹುಡುಕಿ ಸಂದೇಶ ಕಳಿಸಿದಳು. ಐವರ ಕಡೆಯಿಂದ ಉತ್ತರ ಬರಲಿಲ್ಲ. ಆರನೆಯವನ ತಂಗಿ ಮಾತ್ರ ಭೇಟಿಯಾಗುತ್ತೇನೆ ಎಂದಳು. ಆ ಅಧಿಕಾರಿಯನ್ನು ಕ್ಯಾಪ್ಟನ್ ಝೋ ಎನ್ನುತ್ತೇನೆ. ತಂಗಿ ತಿರಿ ಸಿಂಗಾಪುರದಲ್ಲೇ ಒಂದು ವೃದ್ಧಾಶ್ರಮದಲ್ಲಿ ಆರೈಕೆ ಕೆಲಸದಲ್ಲಿದ್ದಳು. ವುಡ್‌ಲ್ಯಾಂಡ್ಸ್‌ನ ಫ್ಲ್ಯಾಟೊಂದರಲ್ಲಿ ತನ್ನ ದೇಶದ ಮೂವರು ಹೆಂಗಸರ ಜೊತೆ ಬಾಡಿಗೆ ಕೋಣೆ ಹಂಚಿಕೊಂಡಿದ್ದಳು.

"ಹೆಸರು ತೆಗೀರಿ ಅಂತ ಅಳ್ತಾಳೆ, ನೋಡ್ತಿರಿ," ಎಂದಳು ಸ್ಮಿತಾ, ಎಂಆರ್‌ಟಿ ರೈಲಿನಲ್ಲಿ. "ಏನಂತೀರಾ ಅಂಕಲ್?"

"ಆಗಲ್ಲ ಅಂತೀನಿ. ತಂಗಿ ಅತ್ಲು ಅಂತ ತೆಗೆದ್ರೆ ನಾಳೆ ಇನ್ನೊಬ್ಬನ ಹೆಂಡತಿ ಬರ್ತಾಳೆ."

ಬ್ಲಾಕ್‌ನ ಕೆಳಗಿನ ವಾಯ್ಡ್ ಡೆಕ್ ಎಂಬ ತೆರೆದ ಪಡಸಾಲೆಯಲ್ಲಿ ಕಲ್ಲುಬೆಂಚಿನ ಮೇಲೆ ತಿರಿ ಕೂತಿದ್ದಳು. ಅಳಲಿಲ್ಲ. ಸ್ಮಿತಾ ಓದಿ ಹೇಳಿದ ಕರಡನ್ನು ಪೂರ್ತಿ ಕೇಳಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದಳು.

"ಅಣ್ಣನ ಹೆಸರು ಇರಲಿ. ಇನ್ನೊಂದು ವಾಕ್ಯ ಇದೆಯಲ್ಲ, ಎರಡು ಹಳ್ಳಿಗಳ ಜನ ದಾಳಿಗೆ ಮೊದಲೇ ಊರು ಬಿಟ್ಟಿದ್ದರು ಅಂತ. ಅದನ್ನು ತೆಗೆಯಿರಿ."

ಸ್ಮಿತಾಳ ಮಟ್ಟಿಗೆ ಅದು ವರದಿಯ ಒಂದು ಸಣ್ಣ ವಿವರವಾಗಿತ್ತು, ಅಷ್ಟೆ. ಆ ಹಳ್ಳಿಗಳಿಗೆ ಸುದ್ದಿ ಮುಟ್ಟಿಸಿದವನು ತನ್ನ ಅಣ್ಣ ಎಂದಳು ತಿರಿ. ಅವನು ಸುಮ್ಮನೆ ಮನೆಯ ಸಮಾಚಾರ ಮಾತಾಡುವಂತೆ ಅವಳಿಗೆ ಫೋನ್ ಮಾಡುತ್ತಿದ್ದ. ಅವಳಿಂದ ಸುದ್ದಿ ಇನ್ನೊಬ್ಬರಿಗೆ, ಅವರಿಂದ ಹಳ್ಳಿಗೆ. ಆ ಮಾತಿನಲ್ಲಿ ಸೂಚನೆ ಹೇಗೆ ಅಡಗಿರುತ್ತಿತ್ತು ಎಂಬುದನ್ನು ಈಗಲೂ ಬರೆಯುವಂತಿಲ್ಲ.

"ನಿಮ್ಮ ವಾಕ್ಯ ಓದಿದರೆ ಸೇನೆಯವರು ಸುದ್ದಿ ಕೊಟ್ಟವರನ್ನು ಹುಡುಕುತ್ತಾರೆ," ಎಂದಳು. "ನೆಲೆಯಲ್ಲಿ ಆರು ಅಧಿಕಾರಿಗಳಿರುವುದು ಅವರಿಗೆ ಗೊತ್ತು. ನೀವು ಐದೇ ಹೆಸರು ಹಾಕಿದರೆ ಅವರು ಹುಡುಕಬೇಕಾಗಿಯೂ ಇಲ್ಲ, ಬಿಟ್ಟವನೇ ಅವನು ಎಂದು ತಿಳಿಯುತ್ತದೆ."

ಒಬ್ಬಳ ಮಾತನ್ನು ಹಾಗೇ ನಂಬುವಂತಿರಲಿಲ್ಲ. ಹಳ್ಳಿಗಳ ವಿವರ ಕೊಟ್ಟಿದ್ದ ಪ್ರತಿರೋಧ ಗುಂಪಿನ ಒಬ್ಬನನ್ನು, ತಿರಿಯ ಸುದ್ದಿ ಎತ್ತದೆ, ಜನ ಮೊದಲೇ ಊರು ಬಿಟ್ಟದ್ದು ಹೇಗೆ ಎಂದು ಸ್ಮಿತಾ ಕೇಳಿದಳು. ಸಿಂಗಾಪುರದಿಂದ ಸುದ್ದಿ ಬರುತ್ತದೆ, ಯಾರೆಂದು ತಮಗೂ ತಿಳಿಯದು, ತಿಳಿಯುವುದೂ ಬೇಡ ಎಂದ. ಮಾತು ಮುಗಿಸುವ ಮುಂಚೆ ಅವನೇ ಕೇಳಿದ: "ಆರು ಹೆಸರೂ ಹಾಕುತ್ತೀರಿ ತಾನೆ? ಒಬ್ಬನನ್ನೂ ಬಿಡಬೇಡಿ."

ಆ ವಾರ ನಾವಿಬ್ಬರೂ ಈ ವಿಷಯವನ್ನು ಕನ್ನಡದಲ್ಲೇ ಮಾತಾಡಿಕೊಂಡೆವು. ಸುದ್ದಿಮನೆಯಲ್ಲಿ ಬೇರೆ ಯಾರಿಗೂ ಆ ಭಾಷೆ ಬಾರದು. ತಿರಿ ಹೇಳಿದಂತೆ ಮಾಡಿದರೆ ಜನರನ್ನು ಉಳಿಸಿದವನನ್ನೂ ಕೊಂದವರ ಸಾಲಿಗೆ ಸೇರಿಸಿದಂತಾಗುತ್ತಿತ್ತು.

"ಆರೂ ಹೆಸರು ಡ್ರಾಪ್ ಮಾಡಿದ್ರೆ?" ಎಂದಳು ಸ್ಮಿತಾ.

"ಐದು ಜನ ಬಚಾವಾಗ್ತಾರೆ. ಸತ್ತವರ ಮನೆಯವರು ನಿನ್ನ ಹತ್ರ ಮಾತಾಡಿದ್ದು ಅದಕ್ಕಾ?"

"ಹಂಗಾದ್ರೆ ಹೋಲ್ಡ್ ಮಾಡೋಣ."

"ಎಷ್ಟು ದಿನ? ಶೆಲ್ ಬೀಳೋದೇನು ಹೋಲ್ಡ್ ಆಗತ್ತಾ?" ಎಂದೆ. ಆಮೇಲೆ ನನ್ನ ತಾಳ್ಮೆಯೂ ಕೆಟ್ಟಿತು. "ಎತ್ತಾಗ ಹೊಳ್ಳಿದ್ರೂ ಗ್ವಾಡಿನ ಐತಲ್ಲ. ಏನ್ ಮಾಡೂದು ಹೇಳು."

"ಅಂಕಲ್, ನಿಮ್ಮ ಬಾಗಲಕೋಟೆ ಹೊರಗೆ ಬಂತು."

"ಬರ್ಲಿ ಬಿಡು. ಅದಕ್ಕಾದ್ರೂ ದಾರಿ ಸಿಕ್ತಲ್ಲ."

ಕೊನೆಗೆ ಮುಖ್ಯ ಸಂಪಾದಕಿಯ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದೆ. ಅವರು ಕರಡನ್ನು ಎರಡು ಸಲ ಓದಿದರು. "ಆ ವಾಕ್ಯ ತೆಗೆಯಿರಿ. ಹೆಸರುಗಳಿರಲಿ. ಯಾರು ಏನು ಮಾಡಿದರು ಅನ್ನಬೇಡಿ, ಯಾರು ಎಲ್ಲಿದ್ದರು ಅಷ್ಟೇ ಹೇಳಿ," ಎಂದರು. ಹಾಗೆಯೇ ಬರೆದೆವು: ಈ ಅವಧಿಯಲ್ಲಿ ಕೆಳಗಿನ ಆರು ಅಧಿಕಾರಿಗಳು ಆ ನೆಲೆಯಲ್ಲಿ ನಿಯೋಜಿತರಾಗಿದ್ದರು. ಝೋ ಪರವಾಗಿ ವರದಿಯಲ್ಲಿದ್ದ ಒಂದೇ ವಾಕ್ಯವನ್ನು ನಾನೇ ಅಳಿಸಿದೆ.

ಕೊನೆಯ ಸಾಲು ಟೈಪ್ ಮಾಡಿದ ಸ್ಮಿತಾ ಅಲ್ಲೇ ಕೈ ನಿಲ್ಲಿಸಿದಳು. ‘ಆರು ಅಧಿಕಾರಿಗಳಲ್ಲಿ ಯಾರೂ ಪ್ರತಿಕ್ರಿಯಿಸಲಿಲ್ಲ.’

"ಇದು ಸುಳ್ಳಲ್ವಾ?"

"ಪ್ರತಿಕ್ರಿಯಿಸಿದ್ದು ತಂಗಿ. ಅಧಿಕಾರಿ ಅಲ್ಲ. ಅಕ್ಷರಶಃ ನಿಜ."

"ಅಕ್ಷರಶಃ ಮಾತ್ರ ಲಾ," ಎಂದು ಸಿಂಗಾಪುರದವರ ‘ಲಾ’ ಹಚ್ಚಿ ಎಂಟರ್ ಒತ್ತಿದಳು.

ವರದಿ ಚೆನ್ನಾಗಿ ಓಡಿತು. ಬೇರೆ ಪತ್ರಿಕೆಗಳು ಎತ್ತಿಕೊಂಡವು. ಸೇನಾಧಿಕಾರಿಗಳ ಬಂಧುಗಳನ್ನು ಸಾಮಾಜಿಕ ಜಾಲತಾಣದಲ್ಲಿ ಬಯಲಿಗೆಳೆದು ಬಹಿಷ್ಕಾರ ಹಾಕುವುದು ಆಗ ನಡೆದೇ ಇತ್ತು. ವಾರದೊಳಗೆ ತಿರಿಯ ಫೋಟೋ ಹರಿದಾಡಿತು. ‘ಕೊಲೆಗಾರನ ತಂಗಿ ಸಿಂಗಾಪುರದಲ್ಲಿ ಸುಖವಾಗಿದ್ದಾಳೆ’ ಎಂಬುದು ಅದರ ತಾತ್ಪರ್ಯ. ಕೋಣೆಯ ಮೂವರು ಹೆಂಗಸರು ಅವಳನ್ನು ಬೇರೆ ಜಾಗ ನೋಡಿಕೊ ಎಂದರು. ಅವರಲ್ಲಿ ಒಬ್ಬಳ ಊರು ಮೊದಲೇ ಖಾಲಿಯಾಗಿದ್ದ ಆ ಎರಡು ಹಳ್ಳಿಗಳಲ್ಲೊಂದು. ಅವಳ ತಾಯಿ ಬದುಕುಳಿದದ್ದು ಹಾಗೆ. ಅದು ತಿರಿಗೆ ಗೊತ್ತಿತ್ತು. ಹಾಸಿಗೆ ಮಡಚಿಕೊಂಡು ಹೊರಟಳು.

ಇದನ್ನು ಕೇಳಿ ಸ್ಮಿತಾ ನನ್ನ ಮೇಲೆ ಹರಿಹಾಯ್ದಳು. "ಆ ಒಬ್ಬಳಿಗಾದ್ರೂ ಹೇಳ್ಬಹುದಿತ್ತಲ್ವಾ ಅಂಕಲ್?"

"ಅವಳು ಖುಷಿಗೆ ತಾಯಿಗೆ ಫೋನ್ ಮಾಡ್ತಾಳೆ. ತಾಯಿ ಪಕ್ಕದ ಮನೆಗೆ ಹೇಳ್ತಾಳೆ. ಆಮೇಲೆ?"

"ಅಂದ್ರೆ ತಿರಿ ಬೈಸ್ಕೊಂಡೇ ಇರ್ಬೇಕು."

"ಬೈಸ್ಕೊಂಡಷ್ಟೂ ಅವಳ ಅಣ್ಣನಿಗೆ ಒಳ್ಳೇದು," ಎಂದೆ. ಹೇಳುವಾಗ ನನಗೇ ಅಸಹ್ಯವಾಯಿತು. ಆದರೆ ಲೆಕ್ಕ ಹಾಗೇ ಇತ್ತು. ತಂಗಿಗೆ ಬಿದ್ದ ಬಹಿಷ್ಕಾರ ನೋಡಿದವರು ಝೋ ಸೇನೆಗೆ ನಿಷ್ಠ ಎಂದೇ ತಿಳಿಯುತ್ತಿದ್ದರು.

ಆಮೇಲೂ ಕೆಲವು ತಿಂಗಳು ಅವನ ಫೋನ್ ಬರುತ್ತಿತ್ತು. ತಿರಿ ಸುದ್ದಿ ದಾಟಿಸುತ್ತಲೇ ಇದ್ದಳು. ಗೊತ್ತಾದರೆ ಅವಳ ವರ್ಕ್ ಪರ್ಮಿಟ್ ಉಳಿಯುತ್ತಿರಲಿಲ್ಲ. ಆಮೇಲೆ ಫೋನ್ ನಿಂತಿತು. ಅವನನ್ನು ಬಂಧಿಸಿದ್ದಾರೆ ಎಂದಷ್ಟೇ ಊರಿನಿಂದ ತಿಳಿಯಿತು. ಯಾಕೆ ಎಂದು ಸೇನೆ ಹೇಳಲಿಲ್ಲ. ಪ್ರತಿರೋಧದ ಗುಂಪುಗಳ ಪುಟಗಳಲ್ಲಿ, ಆರು ಜನರಲ್ಲಿ ಒಬ್ಬ ಲಂಚದ ಜಗಳದಲ್ಲಿ ಒಳಗೆ ಹೋದ, ಇನ್ನೂ ಐವರಿದ್ದಾರೆ ಎಂದು ಸಂಭ್ರಮ ನಡೆಯಿತು.

ತಿರಿ ನನ್ನನ್ನು ಲಿಟಲ್ ಇಂಡಿಯಾದ ಒಂದು ಉಪಾಹಾರ ಗೃಹದಲ್ಲಿ ಕಂಡಳು. ಅಲ್ಲಿ ತನ್ನ ಗುರುತು ಹಿಡಿಯುವವರು ಕಡಿಮೆ ಎಂದು ಅವಳೇ ಆರಿಸಿದ ಜಾಗ.

"ಅಣ್ಣ ಮಾಡಿದ್ದನ್ನು ಈಗ ಬರೆಯಬಹುದಾ?" ಎಂದಳು.

ಅವನು ಬಾಯಿ ಬಿಟ್ಟಿದ್ದಾನೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಬಿಟ್ಟಿರದಿದ್ದರೆ ನಾವು ಈಗ ಬರೆಯುವುದೇ ಅವನ ವಿರುದ್ಧ ಸಾಕ್ಷಿಯಾಗುತ್ತಿತ್ತು. ಅದನ್ನೇ ಹೇಳಿದೆ. ಅವಳಿಗೂ ಅದು ಗೊತ್ತಿತ್ತು, ಯಾರಾದರೂ ಬೇರೆ ಉತ್ತರ ಕೊಡಲಿ ಎಂದು ಕೇಳಿದ್ದಳು. ಇಡ್ಲಿ ಮುಟ್ಟಲಿಲ್ಲ.

"ಪತ್ರಿಕೆಯವರು ತಪ್ಪಾದರೆ ತಿದ್ದುಪಡಿ ಹಾಕುತ್ತೀರಲ್ಲ," ಎಂದಳು. "ಅವನು ಸತ್ತ ಮೇಲಾದರೂ ಹಾಕುತ್ತೀರಾ?"

ವಿಚಾರಿಸಿ ಹೇಳುತ್ತೇನೆ ಎಂದೆ. ನಮ್ಮಲ್ಲಿ ತಿದ್ದುಪಡಿಗೂ ಕ್ರಮವಿದೆ: ಯಾವ ಮಾಹಿತಿ ತಪ್ಪಾಗಿತ್ತು, ಸರಿಯಾದದ್ದು ಯಾವುದು ಎಂದು ತೋರಿಸಬೇಕು. ಆಫೀಸಿಗೆ ಬಂದು ಆ ವರದಿ ತೆರೆದು ಮೊದಲಿನಿಂದ ಓದಿದೆ. ಹೆಸರು ಸರಿ, ದರ್ಜೆ ಸರಿ, ನೆಲೆ ಸರಿ, ಅವಧಿ ಸರಿ. ಯಾರೂ ಪ್ರತಿಕ್ರಿಯಿಸಲಿಲ್ಲ ಎಂಬುದೂ ಸರಿ.

ನಾನೀಗ ನಿವೃತ್ತ. ಝೋ ಬದುಕಿದ್ದಾನೋ ಇಲ್ಲವೋ ತಿರಿಗೆ ಇನ್ನೂ ತಿಳಿದಿಲ್ಲ. ಅವಳು ಅದೇ ಕೆಲಸದಲ್ಲಿದ್ದಾಳೆ, ಒಬ್ಬಳೇ ಊಟ ಮಾಡುತ್ತಾಳೆ. ಪದ ಪದವೂ ಪರೀಕ್ಷೆಗೆ ನಿಲ್ಲುವ ವರದಿ ನ್ಯಾಯವಾದ ವರದಿಯೂ ಹೌದು ಎಂದು ನಾನು ಕಿರಿಯರಿಗೆ ಕಲಿಸುತ್ತಿದ್ದೆ. ಈಗ ಅಷ್ಟು ಖಚಿತವಾಗಿ ಕಲಿಸಲಾರೆ. ಆ ವರದಿಯಲ್ಲಿ ತಿದ್ದಬೇಕಾದ ಒಂದು ಪದವೂ ಇಲ್ಲ ಎಂದು ಆ ದಿನ ತಿರಿಗೆ ನಾನೇ ಫೋನ್ ಮಾಡಿ ಹೇಳಬೇಕಾಯಿತು.