ತಂತಿಯ ಮೇಲೆ ನಿಲ್ಲದ ಕಿರುಬೆರಳು

ಓದುಗರಿಗೆಲ್ಲ ನಮಸ್ಕಾರ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದು ನನಗೆ ಹೊಸದು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತೇನೆ, ಆದ್ದರಿಂದ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ. ‘ಳ’ ಇರಬೇಕಾದ ಕಡೆ ‘ಲ’ ಕಂಡರೆ ಅದು ನನ್ನ ಎಡಗೈ ಕಿರುಬೆರಳಿನ ತಪ್ಪು. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯುವ ಕೆಲಸ ಅದರದ್ದು, ಹಿಡಿದಂತೆ ಮಾಡಿ ಎದ್ದುಬಿಡುತ್ತದೆ. ಇವತ್ತು ಬೆಳಿಗ್ಗೆ ‘ಗೆಳೆಯ’ ಎಂದು ಬರೆಯಲು ಹೋಗಿ ಮೂರು ಸಲ ‘ಗೆಲೆಯ’ ಆಯಿತು. ಮೂರನೇ ಸಲ ಹಳೆಯ ಕಸಿವಿಸಿಯೊಂದು ಎದ್ದಿತು. ಎಲ್ಲಿಯದು ಇದು ಎಂದು ಯೋಚಿಸಿದರೆ, ಗಿಟಾರಿನದು.

ಹೌದು, ಗಿಟಾರು. ನಗಬೇಡಿ.

ಆಗ ನಾವು ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮೂರ್ನಾಲ್ಕು ವರ್ಷವಾಗಿತ್ತು. ನಾನು ಪ್ಯಾಕಿಂಗ್ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್, ಹೆಂಡತಿ ಸುಮಿತ್ರಾ ಆಸ್ಪತ್ರೆಯಲ್ಲಿ ನರ್ಸ್. ಅವಳ ಡ್ಯೂಟಿಯ ಪಟ್ಟಿ, ಅಂದರೆ ರೋಟಾ, ಫ್ರಿಜ್ಜಿನ ಬಾಗಿಲ ಮೇಲೆ, ನಮ್ಮ ಸಂಸಾರ ಆ ರೋಟಾದ ಪ್ರಕಾರ. ಮಗಳು ನಂದಿನಿಗೆ ಒಂಬತ್ತು. ಶನಿವಾರ ಬೆಳಿಗ್ಗೆ ಚರ್ಚಿನ ಪಕ್ಕದ ಕೋಣೆಯಲ್ಲಿ ಬ್ರೆಂಡಾ ಎಂಬ ಅಜ್ಜಿ ಮಕ್ಕಳಿಗೆ ಗಿಟಾರು ಕಲಿಸುತ್ತಿದ್ದಳು. ಸುಮಿತ್ರಾಗೆ ಶನಿವಾರ ಡ್ಯೂಟಿ ಇದ್ದದ್ದರಿಂದ ಮಗಳನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು.

ನಂದಿನಿ ಚೆನ್ನಾಗಿಯೇ ಕಲಿಯುತ್ತಿದ್ದಳು, ಗ್ರೇಡ್ ಪರೀಕ್ಷೆಯ ಮಾತು ಬರುವವರೆಗೆ. ಆಮೇಲೆ ಪ್ರತಿ ಶನಿವಾರ ಅವಳಿಗೆ ಹೊಟ್ಟೆನೋವು. ಉಗುರುಗಳನ್ನು ರಕ್ತ ಬರುವಷ್ಟು ಕಚ್ಚಿಕೊಂಡಿದ್ದಳು. ಒಂದು ದಿನ ಗಿಟಾರನ್ನು ಕೋಟು ನೇತುಹಾಕುವ ಕಪಾಟಿನೊಳಗೆ ಇಟ್ಟು, ಮೇಲೆ ರಜಾಯಿ ಹೊದಿಸಿಬಿಟ್ಟಿದ್ದಳು. ಅವಳು ನಮ್ಮ ಕನ್ನಡವನ್ನೆಲ್ಲ ಅರ್ಥಮಾಡಿಕೊಂಡು ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಿದ್ದಳು, ನಾನು ಕನ್ನಡದಲ್ಲಿ ಬರೆಯುತ್ತೇನೆ.

“ಪರೀಕ್ಷೆಗೆ ಹೋಗಲ್ಲ. ನಿಂಗೇನು ಗೊತ್ತು ಅಪ್ಪಾ, ನೀನೇನು ಹೋಗ್ತೀಯಾ?”

“ನಾನೂ ಹೋದ್ರೆ?” ಎಂದುಬಿಟ್ಟೆ.

ಅವಳು ರಜಾಯಿ ಸರಿಸಿ ನನ್ನನ್ನು ನೋಡಿದಳು. “ಪ್ರಾಮಿಸ್? ನೀನು ಹೋದ್ರೆ ನಾನೂ ಹೋಗ್ತೀನಿ. ನೀನು ಬಿಟ್ರೆ ನಾನೂ ಬಿಡ್ತೀನಿ, ಫಾರೆವರ್.”

ಬಾಯಿಂದ ಮಾತು ಹೊರಬಿದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿದ್ದರೆ ಎನ್ನಿಸಿತು. ಅದಕ್ಕೆ ಕಾರಣವಿದೆ. ನಾನು ಶಾಲೆಗೆ ಸೇರಿದ್ದೇ ಹತ್ತು ದಾಟಿದ ಮೇಲೆ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಅವ್ವನ ಜೊತೆ ತೊಟ್ಟು ಮುರಿಯುತ್ತ ಕೂತಿದ್ದವನನ್ನು ಯಾರೋ ಮಾಸ್ತರರು ಎಬ್ಬಿಸಿಕೊಂಡು ಹೋಗಿ ಒಂದನೇ ಇಯತ್ತೆಯಲ್ಲಿ ಕೂರಿಸಿದರು. ಏಳನೇ ಇಯತ್ತೆಗೆ ಬರುವಷ್ಟರಲ್ಲಿ ನನಗೆ ಮೀಸೆ ಬಂದಿತ್ತು. ಪರೀಕ್ಷೆಯ ದಿನ ಮೋಟು ಚಡ್ಡಿಯ ಹುಡುಗರ ಸಾಲಿನಲ್ಲಿ ನಿಲ್ಲಲು ಧೈರ್ಯವಾಗದೆ ಗೋದಾಮಿನ ಚೀಲಗಳ ಹಿಂದೆ ಬಚ್ಚಿಟ್ಟುಕೊಂಡೆ. ಮೆಣಸಿನಕಾಯಿ ಘಾಟಿಗೆ ಸೀನಿ ಸಿಕ್ಕಿಬಿದ್ದೆ, ಆದರೆ ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು, ಒಂದು ವರ್ಷ ಹೋಯಿತು. ಓಡಿಹೋಗುವುದು ರಕ್ತದಲ್ಲಿ ಬರುತ್ತದೋ ಏನೋ. ನನ್ನಿಂದ ಅದು ಮಗಳಿಗೆ ಹೋಗಬಾರದು ಎಂಬ ಭಯ ನನ್ನದು.

ಬ್ರೆಂಡಾ ತನ್ನ ಹಳೆಯ ಗಿಟಾರೊಂದನ್ನು ಕೊಟ್ಟಳು. ಮೊದಲ ಮೂರು ಬೆರಳು ಹೇಗೋ ಮಾತು ಕೇಳಿದವು. ಯಂತ್ರದ ನಟ್ಟು ತಿರುಗಿಸಿದ ಬೆರಳು ತಾನೇ. ಆದರೆ ಪರೀಕ್ಷೆಯ ಪಾಠದಲ್ಲಿ ಒಂದು ಜಾಗವಿತ್ತು. ಅಲ್ಲಿ ಉಂಗುರದ ಬೆರಳು ದಪ್ಪ ತಂತಿಯನ್ನು ಹಿಡಿದಿರುವಾಗಲೇ ಕಿರುಬೆರಳು ಸಣ್ಣ ತಂತಿಯ ಮೂರನೇ ಮನೆಯನ್ನು, ಅಂದರೆ ಮೂರನೇ ಲೋಹದ ಪಟ್ಟಿಗೆ ಮುಂಚಿನ ಜಾಗವನ್ನು, ಒತ್ತಬೇಕು. ನನ್ನ ಕಿರುಬೆರಳು ಅಲ್ಲಿ ಇರುತ್ತಲೇ ಇರಲಿಲ್ಲ. ಚಹಾ ಕುಡಿಯುವ ರಾಣಿಯ ಬೆರಳಿನ ಹಾಗೆ ಮೇಲೆ ಗಾಳಿಯಲ್ಲಿ.

“ಇದು ಎಲ್ಲಿಗೆ ಹೊರಟಿದೆ, ಲವ್? ಬಸ್ಸಿಗೆ ಕೈ ಮಾಡ್ತಿದೆಯಾ?” ಎಂದು ಬ್ರೆಂಡಾ ಕೇಳಿದಳು; ಆ ಊರಿನಲ್ಲಿ ಎಲ್ಲರೂ ಎಲ್ಲರಿಗೂ ‘ಲವ್’. ಮಕ್ಕಳೆಲ್ಲ ನಕ್ಕರು, ನನ್ನ ಮಗಳೂ.

ಅದು ಎಲ್ಲಿಗೂ ಹೊರಟಿರಲಿಲ್ಲ, ಗೋದಾಮಿನಲ್ಲಿ ಕಲಿತದ್ದನ್ನು ಮಾಡುತ್ತಿತ್ತು. ಮೆಣಸಿನಕಾಯಿ ಮುಟ್ಟಿದ ಕೈಯಿಂದ ಕಣ್ಣು ಮುಟ್ಟಿದರೆ ಮುಗಿಯಿತು. ಅವ್ವ ಹೇಳುತ್ತಿದ್ದಳು: “ಒಂದ್ ಬಳ್ಳರ ಚೊಕ್ಕ ಇಟ್ಕೋ ತಮ್ಮಾ. ಕಣ್ಣ ಒರಸ್ಕೊಳ್ಳಾಕ ಬೇಕಾಗತೈತಿ.” ಅಲ್ಲಿ ಕೂತ ಹೆಂಗಸರೆಲ್ಲ ಹಾಗೇ, ಒಂದು ಬೆರಳಾದರೂ ಚೊಕ್ಕ ಇರಲಿ ಎಂದು ಕಿರುಬೆರಳನ್ನು ಎತ್ತಿಟ್ಟುಕೊಂಡೇ ಕೆಲಸ. ಶಾಲೆಗೆ ಹೋದಾಗಲೂ ನನ್ನ ಬೆರಳು ಹಾಗೇ ಎದ್ದು ನಿಂತಿರುತ್ತಿತ್ತು. ಮಾಸ್ತರರು, “ಈಗಷ್ಟ ಹೋಗಿ ಬಂದೀಯಲ್ಲೋ, ಎಷ್ಟ್ ನೀರ್ ಕುಡೀತಿ?” ಎಂದು ಗದರುತ್ತಿದ್ದರು.

ಬ್ರೆಂಡಾಗೆ ಇದನ್ನೆಲ್ಲ ನನ್ನ ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? ಬೆರಳು ವೀಕು ಎಂದೆ. ಅದನ್ನು ಗಟ್ಟಿ ಮಾಡಬೇಕೆಂದು ನಾನೇ ಒಂದು ದಾರಿ ಕಂಡುಕೊಂಡೆ. ಊಟದ ಚೀಲವನ್ನು ಕಿರುಬೆರಳಿಗೆ ಸಿಕ್ಕಿಸಿ ಬಸ್ಸಿನಲ್ಲಿ ನಿಲ್ಲುವುದು. ಮಾರ್ಕೆಟ್ಟಿನಿಂದ ಆಲೂಗಡ್ಡೆಯನ್ನೂ ಹಾಗೇ ತರುವುದು. ಪರೀಕ್ಷೆಗೆ ಎರಡು ವಾರ ಇದೆ ಎನ್ನುವಾಗ ಗೆಣ್ಣು ಬದನೆಕಾಯಿಯ ಹಾಗೆ ಊದಿಕೊಂಡಿತು.

ಸುಮಿತ್ರಾ ಬೆರಳಿಗೆ ಫ್ರೀಜರಿನ ತಣ್ಣನೆಯ ಬಟಾಣಿ ಪೊಟ್ಟಣ ಒತ್ತಿ ಹಿಡಿದು ಹೇಳಿದಳು, “ರೀ, ನಿಜ ಹೇಳಿ. ಪರೀಕ್ಷೆ ತಪ್ಪಿಸ್ಕೊಳ್ಳಕ್ಕೆ ತಾನೇ ಇದು?”

“ಛೆ, ಏನ್ ಮಾತಾಡ್ತಿ!” ಎಂದೆ. ಆದರೆ ಆ ಮಾತು ಚುಚ್ಚಿತು. ಊದಿದ ಬೆರಳನ್ನು ನೋಡಿದಾಗ ನನಗೆ ಒಳಗೊಳಗೇ ಸ್ವಲ್ಪ ಹಗುರವಾದದ್ದು ಸುಳ್ಳಲ್ಲ.

ಬ್ರೆಂಡಾ ಬೈಯಲಿಲ್ಲ. ಊತ ಇಳಿಯುವವರೆಗೆ ಗಿಟಾರು ಮುಟ್ಟಕೂಡದು ಎಂದಳು. ಇಳಿದ ಮೇಲೆ ನನ್ನ ಮಣಿಕಟ್ಟನ್ನು ಹಿಡಿದು ಅಂಗೈಯನ್ನು ತಂತಿಗಳ ಉದ್ದಕ್ಕೆ ನೇರವಾಗುವಂತೆ ಒಂದಿಷ್ಟು ತಿರುಗಿಸಿದಳು. ಅಷ್ಟಕ್ಕೇ ಕಿರುಬೆರಳು ತಂತಿಯ ಹತ್ತಿರ ಬಂತು! “ಅದಕ್ಕೆ ಬೇಕಾದ್ದು ಬಲ ಅಲ್ಲ, ದಾರಿ” ಎಂದಳು. ನಾಲ್ಕು ಬೆರಳನ್ನು ನಾಲ್ಕು ಮನೆಯಲ್ಲಿಟ್ಟು, ಮೂರನ್ನು ಕದಲಿಸದೆ ಒಂದನ್ನೇ ಎತ್ತಿ ಇಳಿಸಬೇಕು. ಎಷ್ಟು ನಿಧಾನವೋ ಅಷ್ಟು ಒಳ್ಳೆಯದು, ನೋವಾದರೆ ನಿಲ್ಲಿಸಬೇಕು. ಕೆಲಸಕ್ಕೆ ಹೋಗುವ ಮೊದಲು ಅಡುಗೆಮನೆಯಲ್ಲಿ ಕೂತು ಅದನ್ನೇ ಮಾಡಿದೆ. ನಂದಿನಿ ಎದುರಿಗೆ ಸೀರಿಯಲ್ ತಿನ್ನುತ್ತ ಕಾವಲು. “ಅಪ್ಪಾ, ಇಟ್ಸ್ ಫ್ಲೈಯಿಂಗ್!” ಎಂದು ಚಮಚದಿಂದ ತೋರಿಸುತ್ತಿದ್ದಳು.

ಪರೀಕ್ಷೆಯ ದಿನ ಕಾಯುವ ಕೋಣೆಯಲ್ಲಿ ಕುರ್ಚಿಗಳ ತುಂಬ ಮಕ್ಕಳು, ಪಕ್ಕದಲ್ಲಿ ಅವರ ಅಮ್ಮಂದಿರು. ಪಟ್ಟಿ ಹಿಡಿದ ಹೆಂಗಸು ನನ್ನ ಹೆಸರನ್ನು ಕಷ್ಟಪಟ್ಟು ಓದಿ, ನಂದಿನಿಯ ಕಡೆ ಬಗ್ಗಿ, “ರೆಡಿನಾ, ಪುಟ್ಟಾ?” ಎಂದಳು.

“ಅದು ನಾನು” ಎಂದೆ. ಕೋಣೆ ಪೂರ್ತಿ ನನ್ನನ್ನು ನೋಡಿತು. ಗೋದಾಮಿನ ಚೀಲಗಳು ಎಲ್ಲಿಯಾದರೂ ಇವೆಯೇ ಎಂದು ಒಂದು ಗಳಿಗೆ ಕಣ್ಣು ಹುಡುಕಿದ್ದು ನಿಜ. ಆದರೆ ಮಗಳು ನೋಡುತ್ತಿದ್ದಳು. ಎದ್ದು ಹೋದೆ.

ಆ ಜಾಗ ಬಂತು. ಬೆರಳು ಹಾರಿತು. ತಂತಿ ನೊಣದ ಹಾಗೆ ಗುಂಯ್ ಎಂದಿತು. ಮತ್ತೆ ಒತ್ತಿದೆ, ಮತ್ತೆ ಜಾರಿತು. ನಿಂತುಬಿಟ್ಟೆ. ಪರೀಕ್ಷಕರು ಪೆನ್ಸಿಲ್ ಕೆಳಗಿಟ್ಟು, “ಅವಸರವಿಲ್ಲ. ಬೇಕಾದರೆ ಮೊದಲಿನಿಂದ ಶುರು ಮಾಡಿ” ಎಂದರು. ಮಾಡಿದೆ. ಹೇಗೆ ಮುಗಿಯಿತೋ ತಿಳಿಯದು.

ಹೊರಗೆ ಬಂದೆ. ನಂದಿನಿಯ ಬೆರಳು ಬಾಯಲ್ಲಿತ್ತು. “ಸರಿ ಬಂತಾ?”

‘ಫಸ್ಟ್ ಕ್ಲಾಸ್’ ಎನ್ನಲು ಬಾಯಿ ತೆರೆದೆ. ಹಾಗೆ ಸುಳ್ಳು ಹೇಳಿದರೆ, ಒಳಗೆ ತನ್ನ ಬೆರಳು ಜಾರಿದಾಗ ಜಾರುವುದು ತನಗೊಬ್ಬಳಿಗೇ ಎಂದುಕೊಳ್ಳುತ್ತಾಳೆ ಎನ್ನಿಸಿತು.

“ಇಲ್ಲ ಪುಟ್ಟಿ. ಎರಡು ಸಲ ಜಾರ್ತು. ನಿಂತೇಬಿಟ್ಟೆ.”

“ನಿಂತುಬಿಟ್ಟೆಯಾ? ಬೈದ್ರಾ?”

“ಇಲ್ಲ. ಮತ್ತೆ ಶುರು ಮಾಡಿ ಅಂದ್ರು.”

“ಶುರು ಮಾಡೋಕೆ ಬಿಡ್ತಾರಾ?” ಅವಳ ಕಣ್ಣು ಅಗಲವಾದವು. ಇಷ್ಟು ದಿನ ಅವಳನ್ನು ತಿಂದದ್ದು ಇದೊಂದೇ ಎಂದು ನನಗೆ ಆಗ ಗೊತ್ತಾಯಿತು. ನಾವು ಯಾರೂ ಅವಳಿಗೆ ಇದನ್ನು ಹೇಳಿರಲೇ ಇಲ್ಲ. ಉಗುರು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಹೋದಳು.

ಬಾಗಿಲು ತೆಳು. ಅದೇ ಜಾಗದಲ್ಲಿ ಅವಳ ಗಿಟಾರೂ ನಿಂತಿತು. ನಾನು ಬಾಗಿಲಿಗೆ ಕಿವಿ ಕೊಟ್ಟೆ. ಎಷ್ಟು ಹೊತ್ತೋ. ಆಮೇಲೆ ಮೊದಲ ಸ್ವರ ಮತ್ತೆ ಕೇಳಿತು.

ಅವಳು ಪಾಸಾದಳು. ನಾನು ಫೇಲು. “ಮತ್ತೆ ಯಾವಾಗ ಅಪ್ಪಾ?” ಎಂದು ಅವಳು ಕೇಳಿದಾಗಲೆಲ್ಲ ಓವರ್‌ಟೈಮು, ಮಾರ್ಟ್‌ಗೇಜು, ಚಳಿ ಎಂದು ಹೇಳುತ್ತ ಹೋದೆ. ಕೊನೆಗೆ ಅವಳು ಕೇಳುವುದನ್ನು ಬಿಟ್ಟಳು. ಈಗ ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದಾಳೆ. ಮತ್ತೆ ಶುರು ಮಾಡಬಹುದು ಎಂದು ಮಗಳಿಗೆ ಹೇಳಿದ ಬುದ್ಧಿಮಾತನ್ನು ಹೇಳಿದವನೇ ಪಾಲಿಸಲಿಲ್ಲ ಎನ್ನುವುದು ಇಷ್ಟು ವರ್ಷ ಹೊಳೆಯಲಿಲ್ಲ. ಇದನ್ನು ಟೈಪ್ ಮಾಡುತ್ತ ಮಾಡುತ್ತ ಹೊಳೆಯಿತು.

ನಡುವೆ ಎದ್ದು ಬ್ರೆಂಡಾಗೆ ಫೋನು ಮಾಡಿ ಬಂದೆ. ಈಗ ಅವಳು ಕಲಿಸುವುದು ಮನೆಯಲ್ಲೇ, ಅದೂ ಒಬ್ಬಿಬ್ಬರಿಗೆ. “ಹತ್ತು ವರ್ಷ ತಡವಾಗಿ ಬಂದರೆ ಟೀ ನೀನೇ ಮಾಡಬೇಕು, ಲವ್” ಎಂದಳು. ಶನಿವಾರ ಹೋಗುತ್ತೇನೆ.

ಚಿಕ್ಕ ಮಕ್ಕಳ ಸಾಲಿನಲ್ಲಿ ದೊಡ್ಡವರಾಗಿ ಕೂತು ಏನಾದರೂ ಕಲಿತವರು ನಿಮ್ಮಲ್ಲೂ ಇರಬಹುದು. ಅರ್ಧಕ್ಕೆ ಎದ್ದು ಓಡಿದವರೂ ಇರಬಹುದು. ದಯವಿಟ್ಟು ಬರೆದು ತಿಳಿಸಿ. ಶನಿವಾರದೊಳಗೆ ಬರೆದರೆ ನನಗೆ ಸ್ವಲ್ಪ ಧೈರ್ಯವಾಗುತ್ತದೆ.